ಗಿರಾಕಿಯ ಇನ್‌ಬಾಕ್ಸ್‌ಗೆ ದಾರಿ

ವ್ಯಾಪಾರಿ ಸಂಸ್ಥೆಯೊಂದು ತನ್ನ ಗಿರಾಕಿಗಳಿಗೆ, ಮುಂದೆ ಗಿರಾಕಿಗಳಾಗಬಹುದಾದವರಿಗೆ ಒಟ್ಟಾಗಿ ಇಮೇಲ್ ಕಳುಹಿಸಿ ವ್ಯಾಪಾರ ಬೆಳೆಸಿಕೊಳ್ಳುವುದನ್ನು ಇಮೇಲ್ ಮಾರ್ಕೆಟಿಂಗ್ ಎನ್ನುತ್ತಾರೆ. ಹೊಸ ಸರಕು ಬಂದ ಸುದ್ದಿ, ದೀಪಾವಳಿಯ ರಿಯಾಯಿತಿ, ಚಂದಾ ಮುಗಿಯುತ್ತ ಬಂತೆಂಬ ನೆನಪೋಲೆ, ತಿಂಗಳಿಗೊಮ್ಮೆ ಬರುವ ವಾರ್ತಾಪತ್ರ ಎಲ್ಲವೂ ಇದರೊಳಗೆ ಸೇರುತ್ತವೆ. ಅಂಚೆಯಲ್ಲಿ ಕರಪತ್ರ ಹಂಚುವ ಖರ್ಚಿನ ಮುಂದೆ ಇದರ ಖರ್ಚು ಏನೇನೂ ಅಲ್ಲ. ಅಗ್ಗವೆಂದೇ ಎಲ್ಲರೂ ಕಳುಹಿಸುತ್ತಾರೆ, ಎಲ್ಲರೂ ಕಳುಹಿಸುವುದರಿಂದಲೇ ಬಹಳಷ್ಟು ಮೇಲ್‌ಗಳನ್ನು ಯಾರೂ ತೆರೆದೂ ನೋಡುವುದಿಲ್ಲ. ಬರಹ ಆಕರ್ಷಕವಾಗಿದ್ದರೆ ವ್ಯಾಪಾರ ಕುದುರುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಆದರೆ ಬರಹದ ಸರದಿ ಬರುವುದು ಕೊನೆಗೆ. ಮೇಲ್ ಯಾರಿಗೆ ಹೋಗುತ್ತಿದೆ, ಅವರು ಅದನ್ನು ಬೇಕೆಂದು ಕೇಳಿದ್ದರೇ, ಹಿಂದೆ ಬಂದ ಮೇಲ್‌ಗಳನ್ನು ಅವರು ಏನು ಮಾಡಿದರು ಎಂಬುದರ ಮೇಲೆಯೇ ಫಲಿತಾಂಶದ ಬಹುಪಾಲು ನಿಂತಿರುತ್ತದೆ.

ಕೇಳದವರಿಗೆ ಕಳುಹಿಸುವ ಚಾಳಿ ಇಮೇಲ್‌ನಷ್ಟೇ ಹಳೆಯದು ಎನ್ನಬಹುದು. ರೇ ಟಾಮ್ಲಿನ್‌ಸನ್ ಎಂಬ ಎಂಜಿನಿಯರ್ ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಮೊದಲ ಸಂದೇಶ ಕಳುಹಿಸಿದ್ದು 1971ರಲ್ಲಿ. ಏಳು ವರ್ಷ ಕಳೆಯುವಷ್ಟರಲ್ಲಿ, 1978ರ ಮೇ ತಿಂಗಳಲ್ಲಿ, ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನ ಮಾರಾಟ ವಿಭಾಗದಲ್ಲಿದ್ದ ಗ್ಯಾರಿ ಥ್ಯೂರ್ಕ್ ತನ್ನ ಕಂಪನಿಯ ಹೊಸ ಕಂಪ್ಯೂಟರ್‌ಗಳ ಪ್ರದರ್ಶನಕ್ಕೆ ಬನ್ನಿರೆಂದು ಅರ್ಪಾನೆಟ್ ಜಾಲದ ಸುಮಾರು 400 ಮಂದಿಗೆ ಒಂದೇ ಸಂದೇಶ ಕಳುಹಿಸಿದ. ವಿಳಾಸಗಳನ್ನು ಜಾಲದ ಮುದ್ರಿತ ಡೈರೆಕ್ಟರಿಯಿಂದ ಎತ್ತಿ ಟೈಪ್ ಮಾಡಲಾಗಿತ್ತು. ವಿಳಾಸ ಬರೆಯುವ ಜಾಗದಲ್ಲಿ ಅಷ್ಟು ಹೆಸರು ಹಿಡಿಸದೆ ಉಳಿದವು ಸಂದೇಶದ ಒಡಲಿಗೇ ನುಗ್ಗಿದ್ದವು. ಜಾಲವನ್ನು ನೋಡಿಕೊಳ್ಳುತ್ತಿದ್ದ ಸೇನಾ ಅಧಿಕಾರಿಗಳು ಕೆರಳಿದರು, ದೂರುಗಳ ಮೇಲೆ ದೂರು ಬಂದವು. ಅದರಿಂದ ಕೋಟ್ಯಂತರ ಡಾಲರ್‌ಗಳ ಯಂತ್ರಗಳು ಮಾರಾಟವಾದವು ಎಂದು ಥ್ಯೂರ್ಕ್ ಆಮೇಲೆ ಹೇಳಿಕೊಂಡದ್ದೂ ಉಂಟು. ಆ ಹೊತ್ತಿಗೆ ಅದು ನಿಜವೂ ಇರಬಹುದು, ಏಕೆಂದರೆ ಅಂದು ಇನ್‌ಬಾಕ್ಸ್‌ಗೆ ಕಾವಲಿರಲಿಲ್ಲ. ಇಂದು ಇದೆ.

ಎಲ್ಲ ವ್ಯಾಪಾರಕ್ಕೂ ಇಮೇಲ್ ಹೊಂದುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬೀದಿ ತುದಿಯ ದಿನಸಿ ಅಂಗಡಿಗೆ, ಮನೆಮನೆಗೆ ಹಾಲು ಹಾಕುವವರಿಗೆ ವಾಟ್ಸ್‌ಆ್ಯಪ್ ಸಾಕು. ಅವರ ಗಿರಾಕಿಗಳು ಇಮೇಲ್ ನೋಡುವುದು ಬ್ಯಾಂಕಿನ ಸ್ಟೇಟ್‌ಮೆಂಟ್ ಬೇಕಾದಾಗ ಮಾತ್ರ. ದೂರದ ಊರಿಗೆ ಪಾರ್ಸೆಲ್ ಕಳುಹಿಸುವವರು, ಕಂಪನಿಗಳಿಗೆ ಸರಕು ಪೂರೈಸುವವರು, ರಫ್ತು ಮಾಡುವವರು, ತರಬೇತಿ ಸಂಸ್ಥೆಗಳು, ಸಾಫ್ಟ್‌ವೇರ್ ಮಾರುವವರು, ಪುಸ್ತಕ ಪ್ರಕಾಶಕರು ಇಂಥವರಿಗೆ ಇಮೇಲ್ ಇಂದಿಗೂ ಗಟ್ಟಿ ದಾರಿ. ಇದಕ್ಕೊಂದು ಕಾರಣವಿದೆ. ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಮ್ ಒಂದೇ ಕಂಪನಿಯ ಆಸ್ತಿ. ಆ ಕಂಪನಿ ದರ ಏರಿಸಿದರೆ, ನಿಯಮ ಬದಲಿಸಿದರೆ ವ್ಯಾಪಾರಿ ಕೈಕಟ್ಟಿ ಕೂರಬೇಕು. ಇಮೇಲ್‌ಗೆ ಅಂಥ ಒಬ್ಬ ಒಡೆಯನಿಲ್ಲ. ಒಂದು ಸೇವೆ ಸರಿಬರದಿದ್ದರೆ ವಿಳಾಸಗಳ ಪಟ್ಟಿಯನ್ನು ಹೊತ್ತು ಇನ್ನೊಂದಕ್ಕೆ ಹೋಗಬಹುದು.

ಇನ್ನು ಕಾವಲಿನ ವಿಚಾರ. ಸಾವಿರ ಮಂದಿಗೆ ಮೇಲ್ ಕಳುಹಿಸಿದರೆ ಅದು ಸಾವಿರ ಇನ್‌ಬಾಕ್ಸ್‌ಗಳಿಗೆ ಹೋಗಿ ಕೂರುತ್ತದೆ ಎಂದೇನೂ ಇಲ್ಲ. ಜಿಮೇಲ್, ಯಾಹೂ, ಔಟ್‌ಲುಕ್‌ನಂಥ ಸೇವೆಗಳ ಸರ್ವರ್‌ಗಳು ಪ್ರತಿಯೊಂದನ್ನೂ ತಡೆದು ನೋಡುತ್ತವೆ. ಕಳುಹಿಸಿದವರು ನಿಜವಾಗಿಯೂ ತಾವು ಹೇಳಿಕೊಂಡವರೇ, ಈ ಡೊಮೇನ್‌ನಿಂದ ಹಿಂದೆ ಬಂದ ಮೇಲ್‌ಗಳನ್ನು ಜನ ಓದಿದರೇ ಅಥವಾ ನೋಡದೆ ಅಳಿಸಿದರೇ, ಎಷ್ಟು ಮಂದಿ ಸ್ಪ್ಯಾಮ್ ಎಂದು ಗುಂಡಿ ಒತ್ತಿದರು ಎಂಬುದನ್ನೆಲ್ಲ ತೂಗಿ ಇನ್‌ಬಾಕ್ಸ್‌ಗೆ ಬಿಡಬೇಕೋ, ಪ್ರಮೋಷನ್ಸ್ ವಿಭಾಗಕ್ಕೆ ಹಾಕಬೇಕೋ, ಸ್ಪ್ಯಾಮ್‌ಗೆ ತಳ್ಳಬೇಕೋ, ಬಾಗಿಲಲ್ಲೇ ಹಿಂದಕ್ಕೆ ಕಳುಹಿಸಬೇಕೋ ಎಂದು ತೀರ್ಮಾನಿಸುತ್ತವೆ. ಜಿಮೇಲ್‌ನಲ್ಲಿ ಪ್ರಮೋಷನ್ಸ್ ಎಂಬ ಪ್ರತ್ಯೇಕ ವಿಭಾಗ ಬಂದದ್ದು 2013ರಲ್ಲಿ. ತಮ್ಮ ಮೇಲ್ ಅಲ್ಲಿಗೆ ಹೋಯಿತೆಂದು ಕೊರಗುವ ವ್ಯಾಪಾರಿಗಳಿದ್ದಾರೆ, ಅದನ್ನು ತಪ್ಪಿಸುವ ಉಪಾಯ ಮಾರುವವರೂ ಇದ್ದಾರೆ. ಕೊಳ್ಳುವ ಮನಸ್ಸಿದ್ದವರು ಆ ವಿಭಾಗವನ್ನೂ ತೆರೆದು ನೋಡುತ್ತಾರೆ, ಆದ್ದರಿಂದ ಅದರ ಚಿಂತೆ ಅಷ್ಟಾಗಿ ಬೇಕಿಲ್ಲ. ಸ್ಪ್ಯಾಮ್ ಪೆಟ್ಟಿಗೆಯ ಚಿಂತೆ ಮಾತ್ರ ಬೇಕು.

ಅದರ ಲೆಕ್ಕ ಕಟ್ಟುನಿಟ್ಟಾದದ್ದು. ಗೂಗಲ್ ಮತ್ತು ಯಾಹೂ 2024ರ ಫೆಬ್ರವರಿಯಿಂದ ಒಟ್ಟಾಗಿ ಹೊಸ ನಿಯಮ ತಂದವು. ಸ್ಪ್ಯಾಮ್ ಎಂದು ದೂರು ಬರುವ ಪ್ರಮಾಣ ಶೇ 0.3ನ್ನು ಮುಟ್ಟಬಾರದು, ಶೇ 0.1ರ ಒಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ಗೂಗಲ್ ಹಾಕಿದ ಗೆರೆ. ಅಂದರೆ ಇನ್‌ಬಾಕ್ಸ್ ಸೇರಿದ ಸಾವಿರ ಮೇಲ್‌ಗಳಲ್ಲಿ ಮೂರು ಮಂದಿ ಸಿಟ್ಟಾಗಿ ಗುಂಡಿ ಒತ್ತಿದರೆ ಉಳಿದ 997 ಮಂದಿಗೆ ಹೋಗುವ ಮುಂದಿನ ಮೇಲ್‌ಗೂ ಕುತ್ತು. ಗಿರಾಕಿಗಳಲ್ಲದ ಐವತ್ತು ಮಂದಿಯ ವಿಳಾಸವನ್ನು ಎಲ್ಲಿಂದಲೋ ತಂದು ಪಟ್ಟಿಗೆ ಸೇರಿಸಿದರೆ ಆ ಐವತ್ತರಲ್ಲೇ ಈ ಮೂವರು ಸಿಗುತ್ತಾರೆ. ಒಪ್ಪಿಗೆ ಕೇಳುವುದನ್ನು ಸೌಜನ್ಯ ಎಂದು ಭಾವಿಸಿದವರು ಇಲ್ಲಿ ಎಡವುತ್ತಾರೆ. ಒಪ್ಪಿಗೆ ಇಲ್ಲಿ ಶುದ್ಧ ಲಾಭನಷ್ಟದ ಮಾತು.

ಹಾಗಾದರೆ ವಿಳಾಸ ಕೂಡಿಸುವುದು ಹೇಗೆ? ಚಿಕ್ಕಮಗಳೂರಿನಲ್ಲಿ ಕಾಫಿಪುಡಿ ಹುರಿದು ಮಾರುವ ಅಂಗಡಿಯೊಂದಿದೆ ಎಂದಿಟ್ಟುಕೊಂಡರೆ ಸಂಗತಿ ಸ್ಪಷ್ಟವಾಗುತ್ತದೆ. ರಜೆಗೆ ಬಂದ ಪ್ರವಾಸಿಗರು ಅರ್ಧ ಕಿಲೋ, ಒಂದು ಕಿಲೋ ಒಯ್ಯುತ್ತಾರೆ. ಊರಿಗೆ ಹೋಗಿ ಕುಡಿದ ಮೇಲೆ ಇನ್ನಷ್ಟು ಬೇಕೆನಿಸಿದರೆ ಅಂಗಡಿಯ ಹೆಸರೇ ನೆನಪಿರುವುದಿಲ್ಲ. ಇಂಥ ಗಿರಾಕಿಗೆ ಬಿಲ್ ಮಾಡುವಾಗಲೇ ‘ಹೊಸ ಹುರಿತ ಬಂದಾಗ ಇಮೇಲ್ ಮಾಡಲೇ?’ ಎಂದು ಕೇಳುವುದು ಉತ್ತಮ ದಾರಿ. ಏನು ಬರುತ್ತದೆ, ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದು ಆ ಒಂದೇ ಪ್ರಶ್ನೆಯಲ್ಲಿ ಗೊತ್ತಾಗಬೇಕು. ಕೌಂಟರ್ ಮೇಲಿನ ನೋಟ್‌ಬುಕ್ಕಿನಲ್ಲಿ ಬರೆಸಿಕೊಂಡ ವಿಳಾಸಗಳಲ್ಲಿ ತಪ್ಪುಗಳು ಬಹಳ. ಒಂದು ಚುಕ್ಕೆ ಹೋದರೆ, ‘ಎನ್’ ಅಕ್ಷರ ‘ಎಚ್’ ಆಗಿ ಕಂಡರೆ ಆ ಮೇಲ್ ಯಾರಿಗೂ ತಲುಪುವುದಿಲ್ಲ, ಇಲ್ಲವೇ ಸಂಬಂಧವಿಲ್ಲದ ಇನ್ಯಾರಿಗೋ ತಲುಪುತ್ತದೆ. ಕ್ಯುಆರ್ ಕೋಡ್ ಇಟ್ಟು ಗಿರಾಕಿಯೇ ತನ್ನ ಫೋನಿನಲ್ಲಿ ಟೈಪ್ ಮಾಡುವಂತೆ ಮಾಡಿದರೆ ಈ ಗೋಜು ತಗ್ಗುತ್ತದೆ.

ಇನ್ನೂ ಖಚಿತವಾದ ವಿಧಾನವೆಂದರೆ ಎರಡು ಹಂತದ ಒಪ್ಪಿಗೆ. ವಿಳಾಸ ಕೊಟ್ಟ ಕೂಡಲೇ ಒಂದು ಮೇಲ್ ಹೋಗುತ್ತದೆ, ಅದರಲ್ಲಿರುವ ಲಿಂಕ್ ಒತ್ತಿದವರು ಮಾತ್ರ ಪಟ್ಟಿಗೆ ಸೇರುತ್ತಾರೆ. ಹೀಗೆ ಮಾಡಿದರೆ ಕೆಲವರು ಲಿಂಕ್ ಒತ್ತದೆ ಉಳಿದು ಪಟ್ಟಿ ಚಿಕ್ಕದಾಗುತ್ತದೆ ಎಂಬ ಅಳುಕು ವ್ಯಾಪಾರಿಗೆ ಇರುತ್ತದೆ. ಆ ಒಂದು ಮೇಲ್ ತೆರೆಯುವಷ್ಟೂ ಆಸಕ್ತಿ ಇಲ್ಲದವರು ಮುಂದಿನ ಹತ್ತು ಮೇಲ್ ತೆರೆಯುವುದೂ ಅನುಮಾನ.

ದುಡ್ಡು ಕೊಟ್ಟರೆ ವಿಳಾಸಗಳ ಪಟ್ಟಿ ಮಾರುವವರು ಸಿಗುತ್ತಾರೆ. ‘ಬೆಂಗಳೂರಿನ ಐಟಿ ಉದ್ಯೋಗಿಗಳು, ಲಕ್ಷ ವಿಳಾಸ’ ಎಂಬಂಥ ಪಟ್ಟಿಯನ್ನು ಕೊಳ್ಳುವುದು ಹಣ ಕೊಟ್ಟು ಕೆಟ್ಟ ಹೆಸರು ತಂದುಕೊಂಡ ಹಾಗೆ. ಇಂಥ ಪಟ್ಟಿಗಳಲ್ಲಿ ಕೆಲಸ ಬಿಟ್ಟವರ ಸತ್ತ ವಿಳಾಸಗಳಿರುತ್ತವೆ, ಬೇರೆಯವರ ನೂರಾರು ಮೇಲ್ ಬಂದು ಈಗಾಗಲೇ ರೋಸಿಹೋದವರ ವಿಳಾಸಗಳಿರುತ್ತವೆ. ಬಲೆಯಾಗಿ ಒಡ್ಡಿದ ವಿಳಾಸಗಳೂ ಇರಬಹುದು. ಯಾವ ಮನುಷ್ಯನೂ ಬಳಸದ, ಎಲ್ಲೂ ನೋಂದಾಯಿಸದ ವಿಳಾಸಗಳನ್ನು ಸ್ಪ್ಯಾಮ್ ತಡೆಯುವ ಸಂಸ್ಥೆಗಳು ಹಾಗೇ ಬಿಟ್ಟಿರುತ್ತವೆ. ಅಲ್ಲಿಗೆ ಮೇಲ್ ಬಂತೆಂದರೆ ಕಳುಹಿಸಿದವರು ಯಾರ ಒಪ್ಪಿಗೆಯನ್ನೂ ಪಡೆದಿಲ್ಲವೆಂದು ತಾನಾಗಿ ಸಾಬೀತಾಗುತ್ತದೆ, ಡೊಮೇನ್ ಕಪ್ಪುಪಟ್ಟಿ ಸೇರುತ್ತದೆ.

ಪಟ್ಟಿ ಸಿದ್ಧವಾದ ಮೇಲೆ ಗುರುತಿನ ಪ್ರಶ್ನೆ. ಇಮೇಲ್ ಸಾಗಿಸುವ ಎಸ್‌ಎಂಟಿಪಿ ಎಂಬ ಕ್ರಮ ರೂಪುಗೊಂಡದ್ದು 1982ರಲ್ಲಿ, ಜಾಲದಲ್ಲಿದ್ದವರೆಲ್ಲ ಬಹುಮಟ್ಟಿಗೆ ಪರಿಚಿತರೇ ಆಗಿದ್ದ ಕಾಲದಲ್ಲಿ. ಕಳುಹಿಸುವವರ ಹೆಸರಿನ ಜಾಗದಲ್ಲಿ ಯಾರು ಏನು ಬೇಕಾದರೂ ಬರೆಯಬಹುದಿತ್ತು. ಆ ತೂತನ್ನು ಮುಚ್ಚಲು ಮುಂದೆ ಮೂರು ತೇಪೆಗಳು ಬಂದವು. ಎಸ್‌ಪಿಎಫ್ ಎಂಬುದು ತನ್ನ ಹೆಸರಿನಲ್ಲಿ ಮೇಲ್ ಕಳುಹಿಸುವ ಹಕ್ಕು ಯಾವ ಸರ್ವರ್‌ಗಳಿಗೆ ಇದೆ ಎಂದು ಡೊಮೇನ್‌ನ ಒಡೆಯ ಸಾರ್ವಜನಿಕವಾಗಿ ಬರೆದಿಡುವ ದಾಖಲೆ. ಡಿಕೆಐಎಂ ಪ್ರತಿ ಮೇಲ್‌ಗೂ ಹಾಕುವ ಡಿಜಿಟಲ್ ಸಹಿ. ಹಳೆಯ ಲಕೋಟೆಗಳ ಮೇಲಿನ ಅರಗಿನ ಮುದ್ರೆಯಂತೆ, ದಾರಿಯಲ್ಲಿ ಒಳಗಿನದನ್ನು ಯಾರಾದರೂ ತಿದ್ದಿದರೆ ಅದು ಒಡೆದದ್ದು ತಿಳಿಯುತ್ತದೆ. ಇವೆರಡೂ ತಾಳೆಯಾಗದ ಮೇಲ್ ಬಂದರೆ ಏನು ಮಾಡಬೇಕು, ಯಾರಿಗೆ ವರದಿ ಕಳುಹಿಸಬೇಕು ಎಂದು ಹೇಳುವುದು ಡಿಮಾರ್ಕ್. ದಿನಕ್ಕೆ 5000ಕ್ಕಿಂತ ಹೆಚ್ಚು ಮೇಲ್‌ಗಳನ್ನು ಜಿಮೇಲ್ ವಿಳಾಸಗಳಿಗೆ ಕಳುಹಿಸುವವರಿಗೆ ಈ ಮೂರೂ 2024ರಿಂದ ಕಡ್ಡಾಯ. 2025ರ ಮೇ ತಿಂಗಳಿಂದ ಮೈಕ್ರೋಸಾಫ್ಟ್ ಕೂಡ ಔಟ್‌ಲುಕ್‌ಗೆ ಇದೇ ನಿಯಮ ತಂದಿದೆ. ದಿನಕ್ಕೆ ಐವತ್ತೇ ಕಳುಹಿಸುವ ಅಂಗಡಿಯೂ ಇದನ್ನು ಮಾಡಿಸಿಕೊಂಡಿರುವುದು ಕ್ಷೇಮ. ಡೊಮೇನ್ ಕೊಟ್ಟ ಕಂಪನಿಯ ಡಿಎನ್‌ಎಸ್ ಪುಟದಲ್ಲಿ ನಾಲ್ಕಾರು ಸಾಲು ಸೇರಿಸುವ ಕೆಲಸ, ವೆಬ್‌ಸೈಟ್ ಮಾಡಿಕೊಟ್ಟ ಹುಡುಗನೇ ಅರ್ಧ ಗಂಟೆಯಲ್ಲಿ ಮಾಡಿಕೊಡಬಲ್ಲ.

ಅನೇಕ ಸಣ್ಣ ವ್ಯಾಪಾರಿಗಳು ಇಂದಿಗೂ ಜಿಮೇಲ್‌ನ ಉಚಿತ ವಿಳಾಸದಿಂದಲೇ ಎಲ್ಲರಿಗೂ ಕಳುಹಿಸುತ್ತಾರೆ. ಆ ಖಾತೆಯಿಂದ ದಿನಕ್ಕೆ ಸುಮಾರು 500 ಮಂದಿಗೆ ಮಾತ್ರ ಕಳುಹಿಸಲು ಬಿಡುತ್ತಾರೆ, ಮೀರಿದರೆ ಕಳುಹಿಸುವ ಸೌಲಭ್ಯವೇ ತಾತ್ಕಾಲಿಕವಾಗಿ ನಿಂತುಹೋಗುತ್ತದೆ. ಅವಸರದಲ್ಲಿ ಎಲ್ಲ ವಿಳಾಸಗಳನ್ನೂ ‘ಟು’ ಅಥವಾ ‘ಸಿಸಿ’ ಜಾಗದಲ್ಲಿ ತುಂಬಿಬಿಟ್ಟರಂತೂ ಒಬ್ಬ ಗಿರಾಕಿಯ ವಿಳಾಸ ಉಳಿದವರಿಗೆಲ್ಲ ಬಯಲಾಗುತ್ತದೆ. ಯಾರೋ ಒಬ್ಬರು ‘ರಿಪ್ಲೈ ಆಲ್’ ಒತ್ತಿ ಪಾರ್ಸೆಲ್ ತಡವಾದ ತಕರಾರನ್ನು ಇಡೀ ಪಟ್ಟಿಯ ಮುಂದೆ ಹರವುತ್ತಾರೆ. ಇದಕ್ಕೆಂದೇ ಇರುವ ಮೇಲ್‌ಚಿಂಪ್, ಚೆನ್ನೈ ಮೂಲದ ಜೋಹೊ ಕಂಪನಿಯ ಕ್ಯಾಂಪೇನ್ಸ್ ಮುಂತಾದ ಸೇವೆಗಳು ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಕಳುಹಿಸುತ್ತವೆ, ಹಿಂದಿರುಗಿದ ವಿಳಾಸಗಳನ್ನು ತಾವೇ ತೆಗೆದುಹಾಕುತ್ತವೆ. ಅಲ್ಲೂ ಹೊಸ ಡೊಮೇನ್‌ನಿಂದ ಮೊದಲ ದಿನವೇ ಹತ್ತು ಸಾವಿರ ಮೇಲ್ ಬಿಡಬಾರದು. ನಿನ್ನೆಯವರೆಗೆ ಸದ್ದಿಲ್ಲದ ಡೊಮೇನ್ ಇಂದು ಏಕಾಏಕಿ ಹೀಗೆ ಸುರಿದರೆ ಸರ್ವರ್‌ಗಳಿಗೆ ಅನುಮಾನ ಬರುತ್ತದೆ. ಮೊದಲ ವಾರ ಕಾಯಂ ಗಿರಾಕಿಗಳಿಗೆ ಮಾತ್ರ ಕಳುಹಿಸಿ, ಆಮೇಲೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸುವುದು ರೂಢಿ.

ಈಗ ಬರಹ. ಮೇಲ್‌ನ ವಿಷಯದ ಸಾಲಿನ ಬಗ್ಗೆ ಎಷ್ಟು ಸಲಹೆಗಳಿವೆಯೋ ಅಷ್ಟೇ ಅಪವಾದಗಳೂ ಇವೆ. ಇದಕ್ಕೆ ಒಳ್ಳೆಯ ನಿದರ್ಶನ ವ್ಯಾಪಾರದಿಂದ ಬಂದದ್ದಲ್ಲ, ಚುನಾವಣೆಯಿಂದ ಬಂದದ್ದು. 2012ರಲ್ಲಿ ಬರಾಕ್ ಒಬಾಮ ಅವರ ಮರುಚುನಾವಣೆಯ ಪ್ರಚಾರ ತಂಡ ದೇಣಿಗೆ ಕೇಳುವ ಪ್ರತಿ ಮೇಲ್‌ಗೂ ಹತ್ತು ಹದಿನೆಂಟು ರೂಪಗಳನ್ನು ಬರೆದು, ಸಣ್ಣ ಗುಂಪುಗಳಿಗೆ ಕಳುಹಿಸಿ, ಹೆಚ್ಚು ಹಣ ತಂದದ್ದನ್ನು ಆರಿಸಿ ಉಳಿದ ಲಕ್ಷಾಂತರ ಮಂದಿಗೆ ಕಳುಹಿಸುತ್ತಿತ್ತು. ಆ ಜೂನ್ ತಿಂಗಳ ಒಂದು ಮೇಲ್‌ಗೆ, ಖರ್ಚಿನಲ್ಲಿ ಎದುರಾಳಿಯೇ ನನ್ನನ್ನು ಮೀರಿಸಲಿದ್ದಾರೆ ಎಂಬರ್ಥದ ವಿಷಯದ ಸಾಲು ಗೆದ್ದಿತು. ಅದೊಂದೇ ಮೇಲ್ 26 ಲಕ್ಷ ಡಾಲರ್‌ಗೂ ಮಿಗಿಲಾದ ದೇಣಿಗೆ ತಂದಿತು. ಅದೇ ದಿನದ ಪರೀಕ್ಷೆಯಲ್ಲಿ ಕೊನೆಗೆ ಬಂದ ಸಾಲನ್ನು ಬಳಸಿದ್ದರೆ ಸುಮಾರು ನಾಲ್ಕು ಲಕ್ಷ ಡಾಲರ್ ಮಾತ್ರ ಬರುತ್ತಿತ್ತು ಎಂಬುದು ತಂಡದ ಲೆಕ್ಕ. ಬರೀ ‘ಹೇ’ ಎಂಬ ಒಂದೇ ಪದದ ಸಾಲು ಕೂಡ ಒಮ್ಮೆ ಭಾರಿ ಹಣ ತಂದಿತ್ತು.

ಆ ತಂಡ ಆಮೇಲೆ ಹೇಳಿಕೊಂಡ ಎರಡು ಸಂಗತಿಗಳು ಅಂಕಿಗಳಿಗಿಂತ ಸ್ವಾರಸ್ಯಕರ. ಯಾವ ರೂಪ ಗೆಲ್ಲುತ್ತದೆ ಎಂದು ಒಳಗಿನವರು ಪಂದ್ಯ ಕಟ್ಟಿದರೂ ಊಹೆ ಸರಿಹೋಗುತ್ತಿದ್ದದ್ದು ಅಪರೂಪ. ಚಂದವಾಗಿ ವಿನ್ಯಾಸ ಮಾಡಿದ ಮೇಲ್‌ಗಿಂತ ಕುರೂಪದ, ಹಳದಿ ಬಣ್ಣ ಬಳಿದ ಮೇಲ್ ಹೆಚ್ಚು ಹಣ ತಂದದ್ದೂ ಉಂಟು, ಆದರೆ ಆ ಹೊಸತನ ಹಳತಾದ ಕೂಡಲೇ ಅದರ ಪರಿಣಾಮವೂ ಇಳಿಯಿತು. ‘ಹೇ’ ಎಂದು ಬರೆದರೆ ದುಡ್ಡು ಬರುತ್ತದೆ ಎಂಬ ಪಾಠ ಕಲಿತವರು ತಪ್ಪು ಕಲಿತರು. ದೇಶದ ಅಧ್ಯಕ್ಷರ ಹೆಸರಿನಿಂದ ಬಂದ ‘ಹೇ’ ಕುತೂಹಲ ಹುಟ್ಟಿಸುತ್ತದೆ. ಟೈಲ್ಸ್ ಅಂಗಡಿಯಿಂದ ಬಂದರೆ ಅಧಿಕಪ್ರಸಂಗ.

ಸಣ್ಣ ವ್ಯಾಪಾರಕ್ಕೆ ಹೊಂದುವ ವಿಷಯದ ಸಾಲು ಒಳಗೇನಿದೆ ಎಂಬುದನ್ನು ನೇರವಾಗಿ ಹೇಳುವಂಥದ್ದು. ‘ಭರ್ಜರಿ ಆಫರ್!!! ಇಂದೇ ಕೊನೆ’ ಎಂಬ ಸಾಲು ದಿನಕ್ಕೆ ಹತ್ತು ಕಡೆಯಿಂದ ಬರುತ್ತದೆ. ಕಾಫಿಪುಡಿ ಅಂಗಡಿ ‘ಗುರುವಾರ ಪೀಬೆರಿ ಹುರಿತ, ನಿಮಗೆ ಎಷ್ಟು?’ ಎಂದು ಬರೆದರೆ ತರಿಸಿ ಕುಡಿದವರಿಗೆ ಮೂಗಿಗೇ ನೆನಪಾಗುತ್ತದೆ. ಫೋನಿನ ಪರದೆಯಲ್ಲಿ ಸಾಲಿನ ಮೊದಲ ಐದಾರು ಪದಗಳಷ್ಟೇ ಕಾಣುವುದರಿಂದ ಮುಖ್ಯವಾದದ್ದು ಮೊದಲೇ ಬರಬೇಕು. ವಿಷಯದ ಸಾಲಿನ ಪಕ್ಕದಲ್ಲೋ ಕೆಳಗೋ ಮೇಲ್‌ನ ಮೊದಲ ವಾಕ್ಯವೂ ಕಾಣಿಸುತ್ತದೆ. ಅಲ್ಲಿ ‘ಈ ಮೇಲ್ ಸರಿಯಾಗಿ ಕಾಣದಿದ್ದರೆ ಇಲ್ಲಿ ಒತ್ತಿ’ ಎಂಬ ಯಂತ್ರವಾಕ್ಯ ಬಿಟ್ಟಿರುವವರ ಸಂಖ್ಯೆ ಬೆರಗು ಹುಟ್ಟಿಸುವಷ್ಟಿದೆ. ಕಳುಹಿಸಿದವರ ಹೆಸರು ಇವೆಲ್ಲಕ್ಕಿಂತ ಹೆಚ್ಚಿನದು. ಗುರುತಿನ ಹೆಸರಾದರೆ ಸಪ್ಪೆ ಸಾಲನ್ನೂ ತೆರೆಯುತ್ತಾರೆ. ‘ನೋರಿಪ್ಲೈ’ ಎಂಬ ವಿಳಾಸದಿಂದ ಕಳುಹಿಸುವುದೆಂದರೆ ಮಾತಾಡಿಸಿ ಕಿವಿ ಮುಚ್ಚಿಕೊಂಡ ಹಾಗೆ. ಗಿರಾಕಿ ಉತ್ತರ ಬರೆದರೆ ಅದು ವ್ಯಾಪಾರಕ್ಕೆ ಒಳ್ಳೆಯದು, ಜೊತೆಗೆ ಈ ಪತ್ರವ್ಯವಹಾರ ನಿಜವಾದದ್ದೆಂದು ಮೇಲ್ ಸೇವೆಗಳಿಗೂ ಮನದಟ್ಟಾಗುತ್ತದೆ.

ಒಡಲಿನ ಬರಹಕ್ಕೆ ಒಂದು ನಿಯಮ ಸಾಕು: ಒಂದು ಮೇಲ್, ಒಂದು ಕೆಲಸ. ಓದಿದವರು ಏನು ಮಾಡಬೇಕು ಎಂಬುದು ಒಂದೇ ಇರಬೇಕು. ಮೇಲಿನ ಅಂಗಡಿಯ ಮೇಲ್ ಹೀಗಿರಬಹುದು: ‘ಕಳೆದ ತಿಂಗಳು 3ರಂದು ನೀವು ಒಂದು ಕಿಲೋ ಪೀಬೆರಿ ಪುಡಿ ತರಿಸಿಕೊಂಡಿದ್ದಿರಿ, ಚಿಕೋರಿ ಹಾಕದೆ. ಈ ವಾರ ಗುರುವಾರ ಹುರಿಯುತ್ತೇವೆ. ಬುಧವಾರ ಸಂಜೆಯೊಳಗೆ ಈ ಮೇಲ್‌ಗೆ ಉತ್ತರಿಸಿ, ಬಿಸಿ ಆರಿದ ಕೂಡಲೇ ಪುಡಿ ಮಾಡಿ ಶುಕ್ರವಾರ ಕೊರಿಯರ್‌ಗೆ ಕೊಡುತ್ತೇವೆ. ದರ ಹಿಂದಿನದೇ.’ ಇದರಲ್ಲಿ ಅಲಂಕಾರವಿಲ್ಲ, ಆತುರದ ಕೂಗಿಲ್ಲ. ಗಿರಾಕಿಗೆ ಬೇಕಾದ ತಾರೀಖು, ದರ, ಮುಂದಿನ ಹೆಜ್ಜೆ ಮೂರೂ ಇವೆ. ಪ್ರತಿ ಸಲವೂ ಮಾರುವ ಮಾತೇ ಆದರೆ ಬೇಸರ ಬರುತ್ತದೆ. ತೋಟದಲ್ಲಿ ಹೂಮಳೆ ಸಕಾಲಕ್ಕೆ ಬಿತ್ತೇ, ಫಿಲ್ಟರ್‌ನಲ್ಲಿ ಡಿಕಾಕ್ಷನ್ ಇಳಿಯದಿದ್ದರೆ ಏನು ಮಾಡಬೇಕು ಎಂಬಂಥ ಸಂಗತಿಗಳನ್ನು ನಡುನಡುವೆ ಬರೆದರೆ ಏನನ್ನೂ ಕೊಳ್ಳದ ತಿಂಗಳಲ್ಲೂ ಜನ ಮೇಲ್ ತೆರೆಯುತ್ತಾರೆ.

ಕನ್ನಡದಲ್ಲಿ ಕಳುಹಿಸುವವರು ಗಮನಿಸಬೇಕಾದ ಕೆಲವು ತಾಂತ್ರಿಕ ಸಂಗತಿಗಳಿವೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ಓದುಗರ ಫೋನಿನಲ್ಲಿ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ರಾಶಿ ಕಾಣುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಲೇಬೇಕು. ಈ ತಾಪತ್ರಯವೇ ಬೇಡವೆಂದು ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ ಪೋಸ್ಟರನ್ನೇ ಚಿತ್ರವಾಗಿ ಕಳುಹಿಸುವವರಿದ್ದಾರೆ. ಚಿತ್ರ ತೆರೆಯದಂತೆ ಇಟ್ಟುಕೊಂಡವರಿಗೆ ಅದು ಖಾಲಿ ಚೌಕ, ಪರದೆ ಓದುವ ತಂತ್ರಾಂಶ ಬಳಸುವ ಅಂಧರಿಗೆ ಮೌನ, ಆಮೇಲೆ ಹುಡುಕಿದರೂ ಸಿಗುವುದಿಲ್ಲ. ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ಸುಮಾರು 102 ಕಿಲೋಬೈಟ್ ಮೀರಿದ ಮೇಲನ್ನು ಜಿಮೇಲ್ ನಡುವೆ ಕತ್ತರಿಸಿ ಉಳಿದದ್ದನ್ನು ಒಂದು ಲಿಂಕ್‌ನ ಹಿಂದೆ ಅಡಗಿಸುವುದರಿಂದ, ಭಾರವಾದ ವಿನ್ಯಾಸದ ಜೊತೆಗೆ ಉದ್ದನೆಯ ಕನ್ನಡ ಬರಹವೂ ಸೇರಿದರೆ ಕೊನೆಯಲ್ಲಿರುವ ಆರ್ಡರ್ ಗುಂಡಿಯೇ ಮಾಯವಾಗಬಹುದು.

ಯಾವಾಗ ಕಳುಹಿಸಬೇಕು ಎಂಬುದಕ್ಕೆ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಎಂಬ ಸಿದ್ಧ ಉತ್ತರವೊಂದು ಚಲಾವಣೆಯಲ್ಲಿದೆ. ಎಲ್ಲರೂ ಅದನ್ನೇ ನಂಬಿದರೆ ಮಂಗಳವಾರ ಹತ್ತು ಗಂಟೆಗೆ ಇನ್‌ಬಾಕ್ಸ್ ತುಂಬಿ ತುಳುಕುತ್ತದೆ. ಗಿರಾಕಿಯ ಅಗತ್ಯ ಯಾವಾಗ ಹುಟ್ಟುತ್ತದೆ ಎಂಬುದೇ ಸರಿಯಾದ ವೇಳೆ. ಕಾಫಿಪುಡಿಯನ್ನು ಪ್ರತಿ 25 ದಿನಕ್ಕೊಮ್ಮೆ ತರಿಸುವವರು ಯಾರು, ಎರಡು ತಿಂಗಳಿಗೊಮ್ಮೆ ತರಿಸುವವರು ಯಾರು ಎಂಬುದು ಹಿಂದಿನ ಮೂರು ನಾಲ್ಕು ಬಿಲ್‌ಗಳ ತಾರೀಖು ನೋಡಿದರೆ ಗೊತ್ತಾಗುತ್ತದೆ. ಮೊದಲಿನವರಿಗೆ 20ನೇ ದಿನ ನೆನಪೋಲೆ ಹೋಗಬೇಕು, ಎರಡನೆಯವರಿಗೆ ಅಂದು ಹೋದರೆ ಕಿರಿಕಿರಿ. ಹೊಸಬರು ಪಟ್ಟಿಗೆ ಸೇರಿದ ಕೂಡಲೇ ಹೋಗುವ ಸ್ವಾಗತದ ಮೇಲ್, ಆನ್‌ಲೈನ್ ಬುಟ್ಟಿಗೆ ಸರಕು ಹಾಕಿ ಹಣ ಕಟ್ಟದೆ ಹೋದವರಿಗೆ ಕೆಲವು ಗಂಟೆಗಳ ನಂತರ ಹೋಗುವ ಮೇಲ್, ಇಂಥ ನೆನಪೋಲೆ ಇವನ್ನೆಲ್ಲ ಒಮ್ಮೆ ಬರೆದಿಟ್ಟರೆ ತಂತ್ರಾಂಶ ತಾನೇ ಕಳುಹಿಸುತ್ತದೆ. ಎಲ್ಲರಿಗೂ ಒಟ್ಟಿಗೆ ಹೋಗುವ ಹಬ್ಬದ ಮೇಲ್‌ಗಿಂತ ಇವುಗಳಿಂದ ಬರುವ ಆರ್ಡರ್‌ಗಳ ಪ್ರಮಾಣ ಸಹಜವಾಗಿಯೇ ಹೆಚ್ಚು. ಗಿರಾಕಿ ಅದೇ ವಿಷಯವನ್ನು ಯೋಚಿಸುತ್ತಿರುವಾಗ ಇವು ಬಂದಿರುತ್ತವೆ.

ಹೊರದೇಶದ ಕನ್ನಡಿಗರಿಗೆ ಮಾರುವವರಿಗೆ ಗಡಿಯಾರದ ಲೆಕ್ಕವೂ ಇದೆ. ಇಲ್ಲಿ ಬೆಳಿಗ್ಗೆ ಹತ್ತಾದಾಗ ನ್ಯೂಜೆರ್ಸಿಯಲ್ಲಿ ಮಧ್ಯರಾತ್ರಿಯ ಆಸುಪಾಸು, ಕ್ಯಾಲಿಫೋರ್ನಿಯದಲ್ಲಿ ರಾತ್ರಿ ಒಂಬತ್ತರ ಸುಮಾರು, ದುಬೈನಲ್ಲಿ ಬೆಳಗಿನ ಎಂಟೂವರೆ. ಪಟ್ಟಿಯನ್ನು ಊರುವಾರು ವಿಂಗಡಿಸಿ ಬೇರೆಬೇರೆ ಹೊತ್ತಿಗೆ ಕಳುಹಿಸುವ ಸೌಲಭ್ಯ ಎಲ್ಲ ಸೇವೆಗಳಲ್ಲೂ ಇದೆ, ಬಳಸುವವರು ಕಡಿಮೆ.

ಕಳುಹಿಸಿದ್ದು ಫಲಿಸಿತೇ ಎಂದು ಅಳೆಯುವ ಕಡೆ ದೊಡ್ಡ ಭ್ರಮೆಯೊಂದು ಬೇರೂರಿದೆ. ಎಷ್ಟು ಮಂದಿ ತೆರೆದರು ಎಂಬ ಅಂಕಿ ಬರುವುದು ಮೇಲ್‌ನೊಳಗೆ ಅಡಗಿಸಿಟ್ಟ, ಕಣ್ಣಿಗೆ ಕಾಣದ ಒಂದು ಚುಕ್ಕೆಯ ಚಿತ್ರದಿಂದ. ಓದುಗರ ಫೋನು ಆ ಚಿತ್ರವನ್ನು ತರಿಸಿಕೊಂಡರೆ ತೆರೆದರೆಂದು ಲೆಕ್ಕ. 2021ರ ಸೆಪ್ಟೆಂಬರ್‌ನಲ್ಲಿ ಆ್ಯಪಲ್ ತನ್ನ ಮೇಲ್ ತಂತ್ರಾಂಶದಲ್ಲಿ ತಂದ ಗೋಪ್ಯತೆಯ ಸೌಲಭ್ಯ, ಓದುಗರು ತೆರೆಯಲಿ ಬಿಡಲಿ, ಚಿತ್ರಗಳನ್ನು ತಾನೇ ಮೊದಲೇ ತರಿಸಿಟ್ಟುಕೊಳ್ಳುತ್ತದೆ. ಐಫೋನ್ ಬಳಸುವವರು ಹೆಚ್ಚಿರುವ ಪಟ್ಟಿಯಲ್ಲಿ ಈ ಅಂಕಿ ಏರಿ ಕಾಣುವುದು ಹೀಗೆ. ಲಿಂಕ್ ಒತ್ತಿದವರ ಲೆಕ್ಕ ಇದಕ್ಕಿಂತ ಮೇಲು, ಆದರೂ ದೊಡ್ಡ ಕಂಪನಿಗಳ ಭದ್ರತಾ ತಂತ್ರಾಂಶಗಳು ಬಂದ ಮೇಲ್‌ನ ಲಿಂಕ್‌ಗಳನ್ನು ತಾವೇ ಒತ್ತಿ ಪರೀಕ್ಷಿಸುವುದರಿಂದ ಅದೂ ಪೂರ್ತಿ ನಂಬಿಕೆಗೆ ಅರ್ಹವಲ್ಲ. ಬಂದ ಆರ್ಡರ್, ಬಂದ ಉತ್ತರ, ಆ ಮೇಲ್‌ಗೆಂದೇ ಕೊಟ್ಟ ರಿಯಾಯಿತಿ ಕೋಡ್ ಬಳಸಿದವರ ಸಂಖ್ಯೆ ಇವೇ ಗಟ್ಟಿ ಲೆಕ್ಕ.

ಎರಡು ಬಗೆಯ ವಿಷಯದ ಸಾಲು ಬರೆದು ಪಟ್ಟಿಯನ್ನು ಅರ್ಧರ್ಧ ಮಾಡಿ ಪರೀಕ್ಷಿಸುವುದು ಈಗ ಫ್ಯಾಷನ್. ಒಬಾಮ ತಂಡದ ಕೈಯಲ್ಲಿ ಲಕ್ಷಾಂತರ ವಿಳಾಸಗಳಿದ್ದವು. 400 ಗಿರಾಕಿಗಳ ಅಂಗಡಿ ಹಾಗೆ ಮಾಡಿ, ಒಂದು ಬಗೆಗೆ 6 ಆರ್ಡರ್, ಇನ್ನೊಂದಕ್ಕೆ 9 ಬಂದರೆ ಎರಡನೆಯದು ಒಂದೂವರೆ ಪಟ್ಟು ಮೇಲೆಂದು ಬೀಗುವ ಹಾಗಿಲ್ಲ. ಒಂದೇ ಬರಹವನ್ನು ಎರಡು ಗುಂಪಿಗೆ ಕಳುಹಿಸಿದ್ದರೂ ಅಷ್ಟು ಹೆಚ್ಚುಕಡಿಮೆ ಆಕಸ್ಮಿಕವಾಗಿ ಬರಬಹುದು. ಶೇ 2ರಷ್ಟಿದ್ದ ಆರ್ಡರ್ ಪ್ರಮಾಣ ಶೇ 3ಕ್ಕೆ ಏರಿತೆಂದು ತಕ್ಕಮಟ್ಟಿನ ಖಾತರಿಯಿಂದ ಹೇಳಲು ಸಂಖ್ಯಾಶಾಸ್ತ್ರದ ಸಾಮಾನ್ಯ ಅಳತೆಯಲ್ಲಿ ಪ್ರತಿ ಗುಂಪಿನಲ್ಲಿ ಸುಮಾರು 3800 ಮಂದಿ ಬೇಕು. ಅಷ್ಟಿಲ್ಲದವರು ಪರೀಕ್ಷೆಗೆ ಕೂರುವ ಬದಲು ಹತ್ತು ಗಿರಾಕಿಗಳಿಗೆ ಫೋನ್ ಮಾಡಿ ಕೇಳುವುದು ವಾಸಿ.

ಪಟ್ಟಿಯಿಂದ ಹೊರಹೋಗುವ ಬಾಗಿಲನ್ನು ಬಚ್ಚಿಡುವುದು ವ್ಯಾಪಾರಿಗಳ ಹಳೆಯ ಕಸುಬು. ತೀರ ಕೆಳಗೆ, ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಅನ್‌ಸಬ್‌ಸ್ಕ್ರೈಬ್ ಎಂದು ಬರೆದು, ಒತ್ತಿದವರಿಗೆ ಲಾಗಿನ್ ಕೇಳಿ ಸತಾಯಿಸುತ್ತಾರೆ. ದಾರಿ ಕಾಣದವರು ಹತ್ತಿರದಲ್ಲಿರುವ ಸ್ಪ್ಯಾಮ್ ಗುಂಡಿಯನ್ನೇ ಒತ್ತುತ್ತಾರೆ, ಹೊರಹೋದ ಒಬ್ಬ ಗಿರಾಕಿಗಿಂತ ಆ ಒಂದು ದೂರಿನ ನಷ್ಟ ದೊಡ್ಡದು. ಗೂಗಲ್, ಯಾಹೂ ನಿಯಮದಂತೆ ದೊಡ್ಡ ಪ್ರಮಾಣದಲ್ಲಿ ಪ್ರಚಾರದ ಮೇಲ್ ಕಳುಹಿಸುವವರು ಒಂದೇ ಒತ್ತಿಗೆ ಹೊರಹೋಗುವ ಗುಂಡಿ ಕೊಡಬೇಕು, ಎರಡು ದಿನದೊಳಗೆ ಆ ಹೆಸರನ್ನು ತೆಗೆಯಬೇಕು. ಅಮೆರಿಕದ 2003ರ ಕ್ಯಾನ್-ಸ್ಪ್ಯಾಮ್ ಕಾಯ್ದೆ ಇದಕ್ಕೇ ಹತ್ತು ಕೆಲಸದ ದಿನ ಕೊಡುತ್ತದೆ. ಕಾನೂನಿಗಿಂತ ಮೇಲ್ ಕಂಪನಿಗಳೇ ಬಿಗಿಯಾಗಿವೆ.

ಭಾರತದಲ್ಲಿ ಬೇಡದ ಇಮೇಲ್‌ಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. ಟ್ರಾಯ್‌ನ 2018ರ ನಿಯಮಗಳು ಫೋನ್ ಕರೆ ಮತ್ತು ಎಸ್‌ಎಂಎಸ್‌ಗೆ ಸಂಬಂಧಿಸಿದವು. ಕಿರಿಕಿರಿ ಉಂಟುಮಾಡುವ ಮೇಲ್‌ಗಳನ್ನೂ ಒಳಗೊಂಡಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ಅನ್ನು ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಧಕ್ಕೆ ತರುತ್ತದೆಂದು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದುಮಾಡಿತು. ಈಗ ಅನ್ವಯವಾಗುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಳಿಗೆ ಸಿದ್ಧವಾಗಲು 18 ತಿಂಗಳ ಅವಧಿ ಇದೆ. ಇಮೇಲ್ ವಿಳಾಸವೂ ವೈಯಕ್ತಿಕ ದತ್ತಾಂಶವೇ. ಯಾವ ಉದ್ದೇಶಕ್ಕೆ ಪಡೆದಿದ್ದೆಂದು ತಿಳಿಸಿ ಒಪ್ಪಿಗೆ ಪಡೆಯಬೇಕು, ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳಲು ಬರಬೇಕು. ಒಪ್ಪಿಗೆ ಕೋರುವ ಮಾತನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಗಿರಾಕಿಗೆ ಇರಬೇಕೆಂದು ಕಾಯ್ದೆ ಹೇಳುತ್ತದೆ, ಆ 22 ಭಾಷೆಗಳಲ್ಲಿ ಕನ್ನಡವೂ ಒಂದು. ವಿವಾದ ಬಂದರೆ ಒಪ್ಪಿಗೆ ಪಡೆದಿದ್ದನ್ನು ಸಾಬೀತುಪಡಿಸುವ ಹೊಣೆ ವ್ಯಾಪಾರಿಯದು. ಹೀಗಾಗಿ ಪ್ರತಿ ವಿಳಾಸದ ಪಕ್ಕದಲ್ಲಿ ಅದು ಯಾವ ತಾರೀಖು, ಎಲ್ಲಿ, ಯಾವ ಮಾತಿಗೆ ಒಪ್ಪಿ ಕೊಟ್ಟದ್ದು ಎಂಬ ಮೂರು ಕಾಲಂ ಇಟ್ಟುಕೊಂಡಿರಬೇಕು.

ಪಟ್ಟಿಗೆ ಸೇರಿಸುವಷ್ಟೇ ಮುಖ್ಯವಾದದ್ದು ತೆಗೆಯುವುದು. ವಿಳಾಸವೇ ಇಲ್ಲವೆಂದು ಹಿಂದಿರುಗಿದ್ದನ್ನು ಅಂದೇ ತೆಗೆಯಬೇಕು. ಪೆಟ್ಟಿಗೆ ತುಂಬಿದೆ, ಸರ್ವರ್ ಸಿಗುತ್ತಿಲ್ಲ ಎಂಬ ಕಾರಣಕ್ಕೆ ಬಂದದ್ದನ್ನು ಎರಡು ಮೂರು ಸಲ ನೋಡಿ ತೆಗೆಯಬೇಕು. ಆರು ತಿಂಗಳಿಂದ ಲಿಂಕ್ ಒತ್ತದ, ಉತ್ತರಿಸದ, ಏನೂ ಕೊಳ್ಳದ ವಿಳಾಸಗಳಿಗೆ ‘ಇನ್ನು ಮುಂದೆಯೂ ಕಳುಹಿಸಬೇಕೆಂದರೆ ಇಲ್ಲಿ ಒತ್ತಿ, ಇಲ್ಲದಿದ್ದರೆ ನಿಲ್ಲಿಸುತ್ತೇವೆ’ ಎಂದು ಒಮ್ಮೆ ಬರೆದು, ಎರಡು ವಾರ ಕಾದು, ಒತ್ತದವರ ಹೆಸರು ಕೈಬಿಡಬೇಕು. ವರ್ಷಕ್ಕೊಮ್ಮೆ ಮದುವೆ ಸೀರೆ ಕೊಳ್ಳುವವರ ಪಟ್ಟಿಗೆ ಆರು ತಿಂಗಳು ಸಾಲದು, ಅಲ್ಲಿ ಎರಡು ವರ್ಷವಾದರೂ ಕಾಯಬೇಕಾಗುತ್ತದೆ.